ಗೋಡೆ ತುಂಬ ನಮ್ಮೋರು

ಅಪ್ಪನ ಶವಪೆಟ್ಟಿಗೆ ಎತ್ತಲು ಬಗ್ಗಿದ ಗಂಡನ ತೋಳನ್ನು ಅವಳು ಮೂರನೇ ಸಲ ಹಿಡಿದು ನಿಲ್ಲಿಸಿದಳು. "ಇನ್ನೊಂದು ಗಳಿಗೆ ತಡೀರಿ. ಒಬ್ಬರಾದ್ರೂ ಬಂದೇ ಬರ್ತಾರೆ."

ಬರಬೇಕಾದವರು ಯಾರು? ಗೋಡೆಯ ಮೇಲಿದ್ದರಲ್ಲ, ಅವರೇ. ಅಪ್ಪ ಹಿತ್ತಾಳೆಯ ನಾಮಫಲಕ ಕೆತ್ತುವವನು. ತನ್ನದೇ ಮನೆತನದ ಹೆಸರಿನ ಗಿರಾಕಿ ಬಂದರೆ ಮುಗಿಯಿತು, ಒಂದರ ಬದಲು ಎರಡು ಕೆತ್ತಿ, ಇನ್ನೊಂದನ್ನು ಮನೆಯ ಗೋಡೆಗೆ ಬಡಿಯುತ್ತಿದ್ದ. ನ್ಯಾಯಾಧೀಶರು, ಹೃದಯದ ಡಾಕ್ಟರು, ಹೆಸರಾಂತ ಗಾಯಕಿ, ಪದಕ ಗೆದ್ದ ಪೈಲ್ವಾನ, ಹೀಗೆ ಹನ್ನೊಂದು ಮಂದಿ. ಎಲ್ಲಾ ನಮ್ಮೋರೇ, ನಾನು ಸತ್ತ ದಿನ ಈ ಬೀದಿ ಸಾಲಲ್ಲ ನೋಡ್ತಿರು, ಎನ್ನುತ್ತಿದ್ದ. ಸ್ವಂತ ತಮ್ಮ ಇದಕ್ಕೆ ನಕ್ಕನೆಂದು ಅವನ ಜತೆ ಮಾತೇ ಬಿಟ್ಟ ಮಹರಾಯ. ಆ ತಮ್ಮನೂ ಇವತ್ತು ಬರಲಿಲ್ಲ. ಬೆಳಗ್ಗೆಯೇ ಹನ್ನೊಂದು ಮನೆಗೂ ಅವಳು ಸುದ್ದಿ ಮುಟ್ಟಿಸಿದ್ದಳು. ಈಗ ಮಧ್ಯಾಹ್ನ ಮೂರು. ಹೆಗಲು ಕೊಡಲು ಇದ್ದವರು ಗಂಡ, ಪಕ್ಕದ ಮನೆಯ ದರ್ಜಿ, ಕೆಳಮನೆಯ ಮೇಷ್ಟ್ರು. ಮೂರೇ ಜನ.

*

ಹತ್ತು ವರ್ಷದವಳಿದ್ದಾಗ, ಡಾಕ್ಟರ ಮನೆಗೆ ಫಲಕ ಕೂರಿಸಲು ಹೊರಟ ಅಪ್ಪನ ಜತೆ ಅವಳೂ ಹೋಗಿದ್ದಳು. ಕೊನೆಯ ತಿರುಪು ಬಿಗಿದು, ನಾವೂ ನೀವೂ ಒಂದೇ ಮನೆತನ ಸಾರ್, ಎಂದು ಅಪ್ಪ ಹಲ್ಲುಬಿಟ್ಟ. ಹೌದಾ, ಎಂದ ಡಾಕ್ಟರು ಕೆಳಗೆ ಬಿದ್ದ ಗಾರೆಪುಡಿ ಗುಡಿಸಿ ಹೋಗಲು ಹೇಳಿದರು. ಅಪ್ಪ ಗುಡಿಸಿದ.

"ನೋಡಿದ್ಯಾ ಪುಟ್ಟಿ, ನಮ್ಮೋರಿಗೆ ಚೂರೂ ಜಂಬ ಇಲ್ಲ," ಎಂದ ದಾರಿಯಲ್ಲಿ.

ಅವಳು ಹೂಂಗುಟ್ಟಿದಳು. ಪುಟ್ಟ ಹುಡುಗಿಗೆ ತಿಳಿದದ್ದು ಆ ಪುಣ್ಯಾತ್ಮನಿಗೆ ಸಾಯುವ ತನಕ ತಿಳಿಯಲಿಲ್ಲವಲ್ಲ.

*

ಕಾರು ನಿಂತ ಸದ್ದಿಗೆ ಅವಳು ಬರಿಗಾಲಲ್ಲೇ ಓಡಿದಳು. ನ್ಯಾಯಾಧೀಶರ ಡ್ರೈವರು. ಹೋದ ಜೀವ ಬಂದಂತಾಗಿ, ಸಾಹೇಬರೂ ಬಂದಿದಾರಾ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. ಸಾಹೇಬರಿಗೆ ಬಡ್ತಿಯಾಗಿತ್ತು, ಹೊಸ ಫಲಕಕ್ಕೆ ಹೇಳಿದ್ದರು. ಸಾವಿನ ಸುದ್ದಿ ಕೇಳಿದ ಮೇಲೆ, ಅಂಗಡಿ ಮುಚ್ಚಿಬಿಟ್ಟಾರು, ಇವತ್ತೇ ತಂದುಬಿಡು ಎಂದು ಅವರೇ ಕಳಿಸಿದ್ದರು.

ಅವಳಿಗೆ ಸಿಟ್ಟು ಬರಲಿಲ್ಲ, ಸಾಕಾಗಿ ಹೋಗಿತ್ತು. ಒಳಗೆ ಅಪ್ಪನ ಕೆಲಸದ ಮೇಜಿನ ಮೇಲೆ ಒಂದೇ ತರದ ಎರಡು ಫಲಕ ಹೊಳೆಯುತ್ತಿದ್ದವು. ಎರಡನ್ನೂ ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

"ಒಂದು ಹೆಗಲು ಕಮ್ಮಿ ಇದೆ, ಅಣ್ಣಾ."

ಡ್ರೈವರು ಗಡಿಯಾರ ನೋಡಿಕೊಂಡ. ಆಮೇಲೆ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿ ಪೆಟ್ಟಿಗೆಗೆ ಹೆಗಲು ಕೊಟ್ಟ. ಬೀದಿಯ ತಿರುವಿನಲ್ಲಿ ಮೆಲ್ಲಗೆ ಕೇಳಿದ, "ಇವರದೂ ಅದೇ ಮನೆತನವಂತೆ. ನಮ್ಮ ಸಾಹೇಬರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ," ಎಂದಳು ಅವಳು.

ಅವನ ಕಂಕುಳಿನ ಪೊಟ್ಟಣ ಜಾರತೊಡಗಿತು. ಸಾಹೇಬರ ಫಲಕ ಬಿದ್ದೀತೆಂದು ಅವನು ಮೊಣಕೈ ಅದುಮಿ ಹಿಡಿದ. ಪೆಟ್ಟಿಗೆ ಆ ಮಗ್ಗುಲಿಗೆ ವಾಲಿತು.