ಇನ್ನೂ ಸಿಹಿ ಇದೆಯಾ?

ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ಆದರೆ ಅಂದು ಅಪ್ಪನ ಮೇಲೆ ರೇಗಬಾರದೆಂದು ನಿರ್ಧರಿಸಿಯೇ ಶೆಡ್ಡಿನ ಬಾಗಿಲು ತೆಗೆದೆ. ಅವರ ಐವತ್ತು ವರ್ಷ ಹಳೆಯ ಕಾರಿನ ರೇಡಿಯೇಟರ್ ತೊಳೆಯಬೇಕಿತ್ತು. ಒಂದು ಕಾಲಕ್ಕೆ ಊರಿನ ಎಂಜಿನ್ನುಗಳ ನಾಡಿಯನ್ನೆಲ್ಲ ಹಿಡಿದಿದ್ದ ಮೆಕ್ಯಾನಿಕ್ ನನ್ನಪ್ಪ. ಈಗ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ.

ಎಂಜಿನ್ ತಣಿಸಲು ರೇಡಿಯೇಟರಿನ ನೀರಿಗೆ ಬೆರೆಸುವ ಹಸಿರು ಕೂಲಂಟ್ ಸಿಹಿಯಾಗಿರುತ್ತದೆ. ವಿಷವೂ ಹೌದು. ಅಪ್ಪನ ಕಾಲದವರು ಇಳಿಸಿದ ನೀರಿಗೆ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿಯುತ್ತಿದ್ದರು. ಸಿಹಿ ಇದ್ದರೆ ಇನ್ನೊಮ್ಮೆ ತೊಳೆಯಬೇಕು, ಸಪ್ಪೆಯಾದರೆ ಕೆಲಸ ಮುಗಿಯಿತು. ಹುಚ್ಚು ಪದ್ಧತಿ. ಆದರೂ ಅಂಥ ಕೆಲಸಗಾರನನ್ನು ಸ್ಟೂಲಿನ ಮೇಲೆ ಗೊಂಬೆಯಂತೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಹಸಿರು ನೀರು ಟಬ್ಬಿಗೆ ಇಳಿದು ಮುಗಿದೊಡನೆ ಕಾರಿನ ಅಡಿಯಿಂದಲೇ ಕೂಗಿದೆ.

“ಅಪ್ಪಾ, ಸಿಹಿ ಇದೆಯಾ ನೋಡಿ!”

“ಇದೆ, ಇದೆ. ಇನ್ನೊಂದ್ಸಲ ತೊಳಿ.” ದನಿಯಲ್ಲಿ ಹಳೆಯ ಗತ್ತಿತ್ತು. ನನಗೆ ಹಿಗ್ಗಾಯಿತು.

ಹೊಸ ನೀರು ತುಂಬಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ತಣಿಯಲು ಬಿಟ್ಟು, ಮತ್ತೆ ಇಳಿಸಿದೆ. ಹೀಗೆ ಇನ್ನೆರಡು ಸಲ. ಪ್ರತಿ ಸಲವೂ ಕೇಳಿದೆ. ಕೊನೆಯ ಸಲ ಅವರ ‘ಇದೆ’ ತೊದಲಿತು.

ತೆವಳಿಕೊಂಡು ಹೊರಬಂದೆ. ಜನ್ಮದಲ್ಲಿ ಹೆಂಡ ಮುಟ್ಟದ ಅಪ್ಪ ಕುಡಿದವರ ಹಾಗೆ ತೂರಾಡುತ್ತ ನಿಂತಿದ್ದರು. ಕೈಯಲ್ಲಿ ಚಹಾದ ಲೋಟ. ಅದರ ತಳದಲ್ಲಿ ತೆಳು ಹಸಿರು.

“ಬೆರಳಲ್ಲಿ ನೋಡೋದಲ್ವಾ ಅಪ್ಪಾ? ಉಗಿದ್ರಾ?”

“ಯಾಕೆ ಉಗೀಬೇಕು?” ಎಂದರು, ನಿಜವಾಗಿಯೂ ಅರ್ಥವಾಗದವರಂತೆ.

ನಮ್ಮ ಕಾರಿನಲ್ಲಿ ತೊಟ್ಟು ನೀರಿಲ್ಲ. ಪಕ್ಕದ ಬಡಗಿಯ ವ್ಯಾನಿನಲ್ಲಿ, ಹಲಗೆಗಳ ನಡುವೆ ಅಪ್ಪನನ್ನು ತಬ್ಬಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವರ ಉಸಿರನ್ನೇ ಎಣಿಸುತ್ತಿದ್ದೆ.

ಕೂಲಂಟ್ ಎಂದು ಕೇಳಿದೊಡನೆ ಡಾಕ್ಟರಮ್ಮ ಅಪ್ಪನ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿಸುತ್ತಲೇ ಕೇಳಿದರು. “ಎಷ್ಟು ಕುಡಿದಿದ್ದಾರೆ?”

“ಗೊತ್ತಿಲ್ಲ. ಅವರಿಗೆ ಮರೆವು.”

“ರಕ್ತದ ರಿಪೋರ್ಟ್ ಬರೋಕೆ ಹೊತ್ತಾಗುತ್ತೆ. ಇದು ಕಿಡ್ನಿನೇ ತೆಗೆದುಬಿಡುತ್ತೆ. ತುಂಬಾ ಕುಡಿದಿದ್ರೆ ಈಗಲೇ ಡಯಾಲಿಸಿಸ್‌ಗೆ ಕಳಿಸ್ಬೇಕು. ಅಂದಾಜಾದ್ರೂ ಹೇಳಿ. ಅಲ್ಲಾ, ಇಂಥದ್ದನ್ನ ಇವರ ಕೈಗೆ ಕೊಟ್ಟೋರು ಯಾರು?”

ಸದಾ ಪಟಪಟನೆ ಉರಿದುಬೀಳುವ ನಾನು ತಲೆ ತಗ್ಗಿಸಿ ಅಪ್ಪನ ಹೊದಿಕೆ ಸರಿಮಾಡಿದೆ.

“ಯಾರೂ ಇಲ್ಲ,” ಎಂದರು ಅಪ್ಪ ಮಂಚದಿಂದ. “ನಾನೇ ತಗೊಂಡೆ.”

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ. ಇವರಿಗೆ ನೆನಪಿದೆ! ಮಂಚದ ಮೇಲೆ ಬಾಗಿದೆ.

“ಅಪ್ಪಾ, ಎಷ್ಟು ಕುಡಿದ್ರಿ? ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಅವರು ನನ್ನ ಕಿವಿಯನ್ನು ಹತ್ತಿರಕ್ಕೆಳೆದುಕೊಂಡು ಪಿಸುಗುಟ್ಟಿದರು. “ಅವರಿಗೆ ಹೇಳ್ಬೇಡ ಪುಟ್ಟಿ, ನಿನ್ನ ಬೈತಾರೆ. ನೀನು ಕೇಳ್ದಾಗೆಲ್ಲ ಒಂದೊಂದು ಲೋಟ.”

ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು.

“ಮೂರು ಲೋಟ,” ಎಂದೆ. “ಕುಡಿಸಿದ್ದು ನಾನು.”