ಹೆರಾಲ್ಡ್ ಕ್ಲೆಗ್ ಊರು ಬಿಡದ ಕಥೆ

ಹೆರಾಲ್ಡ್ ಕ್ಲೆಗ್ ಶನಿವಾರ ತಲೆಯಿಂದ ಗುದ್ದಿದ ಚೆಂಡು ಕ್ರಾಡೇಲ್ ಮೈದಾನದಿಂದ ಮೇಲೆದ್ದು ಮಂಗಳವಾರ ಸಂಜೆ ಗುಡ್ಡದಾಚೆಯ ಊರಿನಲ್ಲಿ ಇಳಿಯಿತು. ಅಲ್ಲಿಯ ಪಾದ್ರಿ ಅದನ್ನು ಕಂಕುಳಲ್ಲಿಟ್ಟುಕೊಂಡು ನಡೆದೇ ಬಂದು ಮರಳಿಸಿದ. ಚೆಂಡು ಇನ್ನೂ ಬಿಸಿಯಾಗಿತ್ತಂತೆ. ಹದಿನೆಂಟು ವರ್ಷ ಕ್ರಾಡೇಲ್ ಊರಿನ ಗೋಲಿನ ಮುಂದೆ ಗೋಡೆಯಂತೆ ನಿಂತ ಡಿಫೆಂಡರ್ ಹೆರಾಲ್ಡ್. ಎದುರಾಳಿಗಳಲ್ಲಿ ಅರ್ಧ ಮಂದಿ ಅವನ ಮುಖ ನೋಡಿಯೇ ಆಟ ಬಿಟ್ಟು ಹತ್ತಿ ಗಿರಣಿ ಸೇರಿದರು.

ಇದನ್ನೆಲ್ಲ ಹೇಳುತ್ತಿದ್ದವನು ಹೆರಾಲ್ಡನೇ. ಪಂದ್ಯಕ್ಕೆ ಮುಂಚೆ, ಅಭಿಮಾನಿ ಸಂಘದ ಕೊಠಡಿಯಲ್ಲಿ, ಒಂದು ಕೈಯಲ್ಲಿ ಬಿಯರ್, ಇನ್ನೊಂದರಲ್ಲಿ ಮಾಂಸದ ಪೈ ಹಿಡಿದು. ಯಾರೂ ನಂಬುತ್ತಿರಲಿಲ್ಲ, ಆದರೆ ಎಲ್ಲರೂ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಊರು ಕಣ್ಣುಮುಚ್ಚಿ ನಂಬಿದ್ದು ಒಂದನ್ನೇ: ದೊಡ್ಡ ನಗರದ ಕ್ಲಬ್ಬಿನವರು ಕರೆಯಲು ಬಂದಾಗ ಹೆರಾಲ್ಡ್ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಒಲ್ಲೆ ಎಂದ. ಆ ಒಂದು ಮಾತಿಗಾಗಿ ಮೈದಾನದಲ್ಲಿ ಪ್ರೇಕ್ಷಕರು ಕೂರುವ ಹೊಸ ಸ್ಟ್ಯಾಂಡಿಗೆ ಅವನ ಹೆಸರಿಡಲು ಹೊರಟಿದ್ದರು.

ಅಂದು ಸಂಘದ ಕಾರ್ಯದರ್ಶಿ ಅರ್ನಿ ಡಕ್‌ವರ್ತ್, ಹತ್ತು ವರ್ಷ ಹೆರಾಲ್ಡನ ಪಕ್ಕದಲ್ಲೇ ಆಡಿದವನು, ಸ್ಟ್ಯಾಂಡಿನ ಹಲಗೆಗೆ ಬರೆಸಲಿದ್ದ ಸಾಲನ್ನು ಚೀಟಿ ನೋಡಿ ಓದಿದ: "'ಕರೆದರೂ ಹೋಗದವನು.' ಹೇಗಿದೆ? ಮೂರು ದಿನ ಕೂತು ಬರೆದೆ."

"ಮೂರು ದಿನಕ್ಕೆ ಎರಡೇ ಪದಾನಾ? ನೀನು ಓಡ್ತಿದ್ದದ್ದೂ ಇಷ್ಟೇ ಜೋರಾಗಿ ಅಲ್ವೇನೋ!" ಹಿಂದಿನಿಂದ ಯಾರೋ ಕೂಗಿದರು. ಕೊಠಡಿಯೆಲ್ಲ ನಕ್ಕಿತು.

ನಗದವಳು ವಿನ್ನಿ ಮಾತ್ರ. ನಲವತ್ತು ವರ್ಷದಿಂದ ತಂಡದ ಬಟ್ಟೆ ಒಗೆಯುವ ಮುದುಕಿ. "ಹೆರಾಲ್ಡ್ ಮಗಾ, ನಗರದವರು ಕರೆದ ಆ ವಾರ, ಬುಧವಾರ, ಕ್ಲಬ್ಬಿನ ಗೂಟದಿಂದ ಬೂಟು ತಗೊಂಡು ಹೋದೆಯಲ್ಲ, ಎಲ್ಲಿಗೆ?"

ನಗು ನಿಂತಿತು. ಕ್ರಾಡೇಲ್‌ನಲ್ಲಿ ಆಟಗಾರನ ಬೂಟು ಗೂಟದಿಂದ ಇಳಿಯುವುದು ಆಡುವುದಕ್ಕೆ, ಇಲ್ಲವೇ ಕ್ಲಬ್ಬು ಬಿಟ್ಟು ಹೋಗುವುದಕ್ಕೆ. ಬುಧವಾರ ಆಟವಿರಲಿಲ್ಲ.

"ಹೊಲಿಗೆ ಬಿಟ್ಟಿತ್ತು ವಿನ್ನಿ. ಮೋಚಿ ಹತ್ರ..."

"ನಾನೇ ಹಳೇ ಪೇಪರಲ್ಲಿ ಸುತ್ತಿಕೊಟ್ಟೆ. ನನ್ನ ತಬ್ಕೊಂಡು ಅತ್ತೆ ನೀನು. ಮೋಚಿ ಹತ್ರ ಹೋಗೋಕೆ ಯಾರಪ್ಪಾ ಅಳ್ತಾರೆ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಈ ಸುಳ್ಳನ್ನ ಹಲಗೆ ಮೇಲೆ ಬರೆದ್ರೆ ದಿನಾ ನಾನು ಅದರ ಕೆಳಗೇ ಹಾದುಹೋಗ್ಬೇಕಲ್ಲ!"

ಅರ್ನಿ ನಿಧಾನವಾಗಿ ಕನ್ನಡಕ ತೆಗೆದ. "ಹೆರಾಲ್ಡ್, ಅದರ ಮುಂದಿನ ತಿಂಗಳೇ ಅದೇ ಕ್ಲಬ್ಬು ನನ್ನನ್ನೂ ಕರೀತು. ನಾನು ಯಾಕೆ ಹೋಗ್ಲಿಲ್ಲ, ನೆನಪಿದೆಯಾ?"

ನೆನಪಿತ್ತು. 'ನಾನೇ ಇಲ್ಲಿರುವಾಗ ನೀನು ಹೋಗ್ತೀಯೇನೋ, ದ್ರೋಹಿ?' ಎಂದು ಹೆರಾಲ್ಡ್ ಎಲ್ಲರೆದುರು ಹಂಗಿಸಿದ್ದ. ಅರ್ನಿ ಕಿವಿವರೆಗೂ ಕೆಂಪಾಗಿ, ಬಂದ ಕಾಗದವನ್ನು ಒಲೆಗೆ ಹಾಕಿದ್ದ. ಆಟ ಮುಗಿದ ಮೇಲೆ ಇಪ್ಪತ್ತು ವರ್ಷ ಗಿರಣಿಯಲ್ಲಿ ಹತ್ತಿಯ ದೂಳು ಕುಡಿದಿದ್ದ.

ಹೆರಾಲ್ಡನ ನಾಲಗೆಯ ತುದಿಗೆ ಇನ್ನೊಂದು ಸುಳ್ಳು ಆಗಲೇ ಬಂದು ನಿಂತಿತ್ತು, ಬಲು ಸೊಗಸಾದ ಸುಳ್ಳು. ಅರ್ನಿ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಹೆರಾಲ್ಡನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಹೋಗಿದ್ದೆ," ಎಂದ. "ಅವರ ಡಾಕ್ಟರು ನನ್ನ ಎಡಮಂಡಿ ಮಡಚಿ, ಬಿಡಿಸಿ, ಮೂರೇ ನಿಮಿಷದಲ್ಲಿ ಕೋಟು ಕೈಗಿಟ್ಟ. ಈ ಮಂಡಿ ನಮಗೆ ಬೇಡ ಅಂದ. ಬಾಗಿಲಲ್ಲೇ ಒಲ್ಲೆ ಅಂದೆ ಅನ್ನೋದು ವಾಪಸ್ ಬರ್ತಾ ರೈಲಲ್ಲಿ ಕಟ್ಟಿದ ಕಥೆ ಕಣೋ. ನೀನು ಅಲ್ಲಿಗೆ ಹೋದ್ರೆ ಅವರ ಬಾಯಲ್ಲಿ ಎಲ್ಲಾ ಗೊತ್ತಾಗಿಬಿಡುತ್ತೆ ಅಂತ ಹೆದರಿ ನಿನ್ನ ಹಂಗಿಸಿದೆ. ನನ್ನನ್ನ ತಗೊಳ್ಳಲಿಲ್ಲ, ಅದಕ್ಕೇ ಇಲ್ಲೇ ಉಳ್ಕೊಂಡೆ. ನಿನ್ನನ್ನ ಖಂಡಿತ ತಗೋತಿದ್ರು, ಅರ್ನಿ."