ಸುವರ್ಣಾಳ ಬೆರಳುಗಳ ದಾರಿ

ಭಜನೆಯ ಮಂದಿ ಪಲ್ಲವಿ ಎತ್ತಿಕೊಳ್ಳುವಷ್ಟರಲ್ಲಿ ಮೈಕು ಗಪ್ಪಾಯಿತು. ಒಳಕೋಣೆಯಲ್ಲಿ ಯುಪಿಎಸ್ ಕುಂಯ್ ಎಂದಿತು. ಹೆಂಡತಿಯ ಹಣೆಗೆ ವಿಭೂತಿ ಎಳೆಯುತ್ತಿದ್ದ ಅಮರೇಶಪ್ಪನ ಬೆರಳುಗಳು ಅರ್ಧದಲ್ಲೇ ನಿಂತವು.

"ಕರೆಂಟ್ ಹೋತು. ಲೈನ್ ಕೆಲಸ ಐತಂತ, ಸಂಜೀ ಮಟಾ ಬರಂಗಿಲ್ಲ," ಎಂದು ಯಾರೋ ಬಾಗಿಲಿನಿಂದ ಕೂಗಿದರು. ಭಜನೆಯವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ತಾಳ, ದಮ್ಮಡಿ, ಗಂಟಲು, ಇಷ್ಟರಲ್ಲೇ ಮಲ್ಕಾಜ್‌ಗಿರಿಯ ಆ ಓಣಿ ತುಂಬುವಂತೆ ಹಾಡಿದರು.

ಸುವರ್ಣಾಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಇಳಕಲ್ ಸೀರೆ, ಕೊರಳ ತುಂಬ ಸೇವಂತಿಗೆ. ಬದುಕಿದ್ದಾಗ ಒಂದು ದಿನ ಬೆನ್ನು ನೆಟ್ಟಗೆ ಮಾಡಿ ಕೂತವಳಲ್ಲ. ಕಂಪ್ಯೂಟರಿನ ಮುಂದೆ ಬಾಗಿ ಬಾಗಿ ಹೆಗಲುಗಳೇ ಮುಂದಕ್ಕೆ ಬಂದಿದ್ದವು. ಇವತ್ತು ಮಾತ್ರ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯಂತೆ ಶಿಸ್ತಾಗಿ ಕೂತಿದ್ದಳು. ಊದಿನಕಡ್ಡಿಯ ಹೊಗೆಯಲ್ಲಿ ಅವಳ ಮುಖ ಒಮ್ಮೆ ಹತ್ತಿರ ಬಂದಂತೆ, ಒಮ್ಮೆ ದೂರ ಹೋದಂತೆ ಕಾಣುತ್ತಿತ್ತು. ನಿನ್ನೆ ಬೆಳಗಿನಿಂದ ಅಮರೇಶಪ್ಪ ಕಣ್ಣು ಮುಚ್ಚಿರಲಿಲ್ಲ.

ಅವನು ವಿಭೂತಿ ತಟ್ಟೆ ಕೆಳಗಿಟ್ಟು ಎದ್ದ.

"ಎಲ್ಲಿ ಹೊಂಟಿ ತಮ್ಮಾ? ಸ್ವಾಮಿಗಳು ಇನ್ನೇನ್ ಬರ್ತಾರ," ಎಂದಳು ಅಕ್ಕ ಪಾರ್ವತೆಮ್ಮ. ರಾಯಚೂರಿನಿಂದ ಬೆಳಗಿನ ಗಾಡಿಗೆ ಬಂದು ಕಾಚಿಗೂಡದಲ್ಲಿ ಇಳಿದವಳು, ಆಗಿನಿಂದ ಇಡೀ ಮನೆಯ ಕಾರುಬಾರು ಅವಳದೇ.

"ಮಿಷನ್ ಆರತೈತಿ ಅಕ್ಕಾ."

"ಆರಲಿ ಬಿಡು. ಮನಿ ದೀಪಾನ ಆರೇತಿ, ಮಿಷನ್ ತಗೊಂಡ್ ಏನ್ ಮಾಡ್ತಿ?"

ಅಕ್ಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅಮರೇಶಪ್ಪ ಒಳಕೋಣೆಯ ಕಡೆ ನಡೆದ. ಆ ಕಂಪ್ಯೂಟರು ಒಮ್ಮೆ ಆರಿತೆಂದರೆ, ಮತ್ತೆ ತೆರೆಯಲು ಉದ್ದದೊಂದು ಗುಪ್ತಪದ ಬೇಕು. ಅದು ಸುವರ್ಣಾಳಿಗೆ ಮಾತ್ರ ಗೊತ್ತಿತ್ತು. "ಹೇಳ್ತೀನಿ ತಗೋರಿ, ಎಲ್ಲಿಗೂ ಓಡಿ ಹೋಗಂಗಿಲ್ಲ," ಎನ್ನುತ್ತಲೇ ಇದ್ದಳು. ಯಂತ್ರವನ್ನು ಆರಿಸುವ ಪ್ರಸಂಗವೇ ಬಂದಿರಲಿಲ್ಲ, ಇಬ್ಬರೂ ಮರೆತುಬಿಟ್ಟಿದ್ದರು.

ಬ್ಯಾಟರಿ ಹೆಚ್ಚೆಂದರೆ ಅರ್ಧ ತಾಸು ಎಳೆಯುತ್ತಿತ್ತು.

*

ಸುವರ್ಣಾ ಕೇಂದ್ರ ಸರ್ಕಾರದ ಒಂದು ಘಟಕದಲ್ಲಿ ಪ್ರೋಗ್ರಾಮರ್ ಆಗಿದ್ದಳು. ದೊಡ್ಡ ಹುದ್ದೆಗೇನೂ ಏರಲಿಲ್ಲ, ಪೇಪರಿನಲ್ಲಿ ಫೋಟೋ ಬರಲಿಲ್ಲ. ಆದರೆ ತನ್ನ ಕಂಪ್ಯೂಟರನ್ನು ಮಾತ್ರ ತನಗೆ ಬೇಕಾದ ಹಾಗೆ ಪಳಗಿಸಿಕೊಂಡಿದ್ದಳು. ದಿನಾ ಮಾಡಬೇಕಾದ ಕೆಲಸ ಯಾವುದೇ ಇರಲಿ, ಅದಕ್ಕೊಂದು ಚಿಕ್ಕ ಸ್ಕ್ರಿಪ್ಟು ಬರೆದಿಡುವಳು; ಆಮೇಲೆ ಅದು ತಾನೇ ನಡೆಯುತ್ತಿತ್ತು. ಬರೆಯುವ ಎಡಿಟರು ಹೇಗೆ ತೆರೆಯಬೇಕು, ಯಾವ ಬಣ್ಣ, ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ಬೇರೆ ಬೇರೆ ಫೈಲುಗಳಲ್ಲಿ ಬರೆದು, ಬೇಸರವಾದಾಗ ತಿದ್ದುತ್ತ, ಖುಷಿಯಾದಾಗ ಮತ್ತೆ ತಿದ್ದುತ್ತ ಮೂವತ್ತು ವರ್ಷ ಕಳೆದಳು. ಮಕ್ಕಳಿಲ್ಲದ ಮನೆ; ರವಿವಾರ ಮಧ್ಯಾಹ್ನ ಅದೇ ಅವಳ ಆಟ.

"ಮುಂಜಾನಿಂದ ಬರೇ ಡಬ್ಬಿ ಜೋಡಸಾಕತ್ತಿ. ಅಡಗಿ ಯಾವಾಗ ಮಾಡ್ತಿ?" ಎಂದು ಅಮರೇಶಪ್ಪ ಕಾಡಿಸುತ್ತಿದ್ದ.

"ಡಬ್ಬಿ ಕೈಗೆ ಸಿಕ್ಕರ ಅಡಗಿ ತಾನ ಆಕ್ಕೈತ್ರಿ."

ಒಂದು ಕಾಲಕ್ಕೆ ಅವಳ ಮಣಿಕಟ್ಟು ನೋಯತೊಡಗಿತು. ಡಾಕ್ಟರು ಕೆಲಸ ಕಡಿಮೆ ಮಾಡು ಎಂದರು. ಅವಳು ಕೆಲಸ ಕಡಿಮೆ ಮಾಡಲಿಲ್ಲ, ಅಕ್ಷರಗಳನ್ನೇ ಎತ್ತಿ ಬೇರೆ ಕಡೆ ಇಟ್ಟಳು. ಹೆಚ್ಚು ಬೇಕಾಗುವ ಅಕ್ಷರಗಳು ಗಟ್ಟಿ ಬೆರಳಿನ ಕೆಳಗೆ, ಅಪರೂಪದವು ಮೂಲೆಗೆ. ಕೀಲಿಯ ಮೇಲೆ ಅಚ್ಚಾದದ್ದು ಒಂದು, ತೆರೆಯ ಮೇಲೆ ಮೂಡುವುದು ಇನ್ನೊಂದು. ಅಮರೇಶಪ್ಪ ಒಮ್ಮೆ ರೈಲ್ವೆ ಆಫೀಸಿಗೆ ರಜೆಯ ಅರ್ಜಿ ಬರೆಯಲು ಅಲ್ಲಿ ಕೂತ. ಮೂಡಿದ್ದನ್ನು ನೋಡಿ ಸುವರ್ಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಆ ನಗು ಅವನಿಗೆ ಭಾಳ ಇಷ್ಟ. ಆಮೇಲೆಯೂ ಎಷ್ಟೋ ಸಲ ಬೇಕೆಂದೇ ಹೋಗಿ ಕೂತು ತಪ್ಪು ಒತ್ತಿದ.

*

ಒಳಕೋಣೆಯಲ್ಲಿ ಆಗಲೇ ನಿರೀಕ್ಷಾ ಕೂತಿದ್ದಳು. ಸುವರ್ಣಾ ನಿವೃತ್ತಳಾಗುವ ಮುಂಚೆ ಕೊನೆಗೆ ಕೆಲಸ ಕಲಿಸಿದ ಹುಡುಗಿ. ತಂದೆತಾಯಿ ಮಂಗಳೂರು ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಮೆಹದಿಪಟ್ಟಣಂನಲ್ಲಿ. ಕಣ್ಣು ಕೆಂಪಾಗಿದ್ದವು. ಕೈಯಲ್ಲೊಂದು ಪೆನ್‌ಡ್ರೈವ್.

"ಅಂಕಲ್, ಬೀಪ್ ಕೇಳಿ ಬಂದೆ. ಎಲ್ಲ ತೆಗೆದಿಡುವ ಅಂತ. ಆದ್ರೆ ನನ್ನ ಕೈಗೆ ಒಂದೂ ಬರುದಿಲ್ಲ. ಏನೋ ಒತ್ತಿದೆ, ಇದ್ದ ಕಿಟಕಿ ಸಹ ಮಾಯ ಆಯ್ತು. ಮೌಸ್ ಉಂಟಾ?"

"ಅಕಿಗೆ ಮೌಸ್ ಕಂಡ್ರ ಆಗ್ತಿದ್ದಿಲ್ಲ ತಂಗಿ. ಮೆನುನೂ ಇಲ್ಲ ನೋಡು. ಎಲ್ಲಾ ಬೆರಳ ಮ್ಯಾಲ."

ಕಪ್ಪು ತೆರೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು. ನಿರೀಕ್ಷಾ ತುಟಿ ಕಚ್ಚಿ ಅದನ್ನೇ ನೋಡಿದಳು. ಅವಳ ದನಿ ಸಣ್ಣದಾಯಿತು.

"ಮೇಡಮ್ ನನ್ನ ಎಡಿಟರಿಗೆ ಒಂದು ಪ್ಲಗಿನ್ ಬರೆದುಕೊಟ್ಟಿದ್ರು ಅಂಕಲ್. ನಾನು ಕೆಲಸದಲ್ಲಿ ಬಸ್ ಮರೀತಿದ್ದೆ. ಸಂಜೆ ಆದ ಮೇಲೆ ಫೈಲ್ ಸೇವ್ ಮಾಡಿದ್ರೆ ಸಾಕು, ಕೆಳಗೆ ಒಂದು ಸಾಲು ಬರ್ತದೆ. 'ಬಸ್ ಹೋಗತೈತಿ ನೋಡು' ಅಂತ. ನಿನ್ನೆ ಸುದ್ದಿ ಬಂದ ಮೇಲೆ ಏನು ಮಾಡುದು ಗೊತ್ತಾಗದೆ ಸೇವ್ ಮಾಡಿದೆ. ಅದು ಬಂತು."

ಮೇಜಿನ ಮುಂದೆ ಎರಡು ಸ್ಟೂಲುಗಳಿದ್ದವು. ಬಲಗಡೆಯದು ಅಮರೇಶಪ್ಪನದು. ಎಡಗಡೆಯದನ್ನು ಅವನು ಕೈಯಿಂದ ಒರೆಸಿದ.

"ಇಲ್ಲಿ ಕೂಡು. ನೀ ಎಡಗೈ ಆಗು. ಬಲಗೈ ನಂದು."

*

ಹೋದ ವರ್ಷ ಸುವರ್ಣಾಳಿಗೆ ಪಾರ್ಶ್ವವಾಯು ಬಡಿದಾಗ ಮಾತು ಉಳಿಯಿತು, ಬಲಗೈ ಉಳಿಯಲಿಲ್ಲ. ಮೊದಲ ಕೆಲವು ವಾರ ಅವಳು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಗಂಡನಾದವನಿಗೆ ಅದನ್ನು ನೋಡಲಾಗಲಿಲ್ಲ.

"ನನ್ನ ಬಲಗೈ ಖಾಲಿ ಕುಂತೈತಿ. ಬೇಕನ?" ಎಂದ ಒಂದು ಮಧ್ಯಾಹ್ನ.

"ನಿಮಗ ಅಕ್ಷರ ಎಲ್ಲೆಲ್ಲಿ ಅದಾವ ಅನ್ನೋದ ತಿಳಿಯಂಗಿಲ್ಲ."

"ನಿನಗ ತಿಳಿದೈತಿ. ನನಗ ತಿಳಿಯುವಂಗ ಹೇಳು."

ಅವಳ ಕಣ್ಣಲ್ಲಿ ಹಳೆಯ ಹುಡುಗಾಟ ಇಣುಕಿತು. ಅಮರೇಶಪ್ಪ ಕಾಚಿಗೂಡದಿಂದ ಮೇಡ್ಚಲ್ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಗಾರ್ಡ್ ಆಗಿದ್ದವನು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸ್ಟೇಷನ್ನುಗಳನ್ನು ಸಾಲಾಗಿ ಹೇಳುವವನು. ಕೀಬೋರ್ಡಿನ ನಡುವಿನ ಸಾಲಿನ ಮೇಲೆ ಅವಳು ಆ ದಾರಿಯನ್ನು ಹಾಸಿದಳು. ಎಡಗೈಗೆ ಕಾಚಿಗೂಡ, ವಿದ್ಯಾನಗರ, ಜಾಮಿಯಾ ಉಸ್ಮಾನಿಯಾ, ಆರ್ಟ್ಸ್ ಕಾಲೇಜು, ಸೀತಾಫಲಮಂಡಿ. ಬಲಗೈಗೆ ಮಲ್ಕಾಜ್‌ಗಿರಿ, ದಯಾನಂದನಗರ, ಸಫಿಲ್‌ಗುಡ, ರಾಮಕೃಷ್ಣಾಪುರಂ, ಅಮ್ಮುಗುಡ. ಮೇಲಿನ ಸಾಲು ಮೇಲಿನ ಪ್ಲಾಟ್‌ಫಾರ್ಮು, ಕೆಳಗಿನದು ಕೆಳಗಿನ ಪ್ಲಾಟ್‌ಫಾರ್ಮು.

"ಸಫಿಲ್‌ಗುಡ, ಮ್ಯಾಲಿನ ಪ್ಲಾಟ್‌ಫಾರ್ಮ್ ಒತ್ರಿ," ಎನ್ನುವಳು. ಅವನು ಒತ್ತುವನು. ಅವಳ ಎಡಗೈ ವಿದ್ಯಾನಗರಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಬಲಗೈ ಅಮ್ಮುಗುಡದಲ್ಲಿ ಕಾಯುತ್ತಿತ್ತು. ಅವನು ತಾಳ ತಪ್ಪಬಾರದೆಂದು ತನ್ನ ಕೈಯ ಸ್ಟೇಷನ್ನುಗಳನ್ನೂ ಅವಳು ಜೋರಾಗಿಯೇ ಹೇಳಿಕೊಳ್ಳುವಳು. ತೆರೆಯ ಮೇಲೆ ಯಾವ ಸ್ಟೇಷನ್ನಿಗೆ ಯಾವ ಅಕ್ಷರ ಮೂಡುತ್ತದೆ ಎಂದು ಅವನು ನೋಡುತ್ತ ಹೋದ. ಬರೆದದ್ದರ ಅರ್ಥ ಅವನಿಗೆ ಕೊನೆಯವರೆಗೂ ಆಗಲಿಲ್ಲ, ಆಗಬೇಕೆಂದೂ ಅನಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟು ಹತ್ತಿರ ಕೂತದ್ದೇ ಇಲ್ಲ. ಅವನ ಪಾಲಿಗೆ ಅದು ತಡವಾಗಿ ಬಂದ ಮಧುಚಂದ್ರ.

*

"ಆರ್," ಎಂದಳು ನಿರೀಕ್ಷಾ, ಪೆನ್‌ಡ್ರೈವ್ ಚುಚ್ಚಿ; ಫೈಲುಗಳನ್ನೆಲ್ಲ ಅದಕ್ಕೆ ನಕಲು ಮಾಡುವ ಆಜ್ಞೆಯ ಮೊದಲ ಅಕ್ಷರ.

ಅಮರೇಶಪ್ಪ ಕಣ್ಣು ಮುಚ್ಚಿದ. "ರಾಮಕೃಷ್ಣಾಪುರಂ. ನನ್ನ ಕಡೆ." ಒತ್ತಿದ. ತೆರೆಯ ಮೇಲೆ ಅಕ್ಷರ ಮೂಡಿತು.

"ಎಸ್."

"ವಿದ್ಯಾನಗರ. ನಿನ್ನ ಕಡೆ, ಎರಡನೇದು."

ಹೊರಗೆ ತಾಳದ ಸದ್ದು ಗಾಲಿ ಉರುಳಿದಂತೆ ಕೇಳುತ್ತಿತ್ತು. ಯುಪಿಎಸ್ ನಡುನಡುವೆ ಕೂಗುತ್ತಿತ್ತು. ಅಮರೇಶಪ್ಪನಿಗೆ ಕೋಣೆ ಮೆಲ್ಲಗೆ ಚಲಿಸತೊಡಗಿದಂತೆ ಆಯಿತು. ಕಿಟಕಿಯಾಚೆಯ ಬೇವಿನ ಮರ ಹಿಂದಕ್ಕೆ ಸರಿಯಿತು. ಎಡಗಡೆ ಯಾರು ಕೂತಿದ್ದಾರೆ ಎಂಬುದು ಒಂದು ಗಳಿಗೆ ಮರೆತುಹೋಯಿತು. ಸೀತಾಫಲಮಂಡಿಯ ಮೇಲೆ ಒಂದು ಕೈ, ಮಲ್ಕಾಜ್‌ಗಿರಿಯ ಮೇಲೆ ತನ್ನ ಕೈ. ನಡುವೆ ಅದೇ ಬೆರಳಗಲದ ಜಾಗ. ಊರಿನ ಹೆಸರುಗಳನ್ನು ತಾನು ಹೇಳುತ್ತಿದ್ದಾನೋ ಅವಳು ಹೇಳುತ್ತಿದ್ದಾಳೋ ತಿಳಿಯದಾಯಿತು.

"ಅಮರೇಶಪ್ಪಾರ!"

ಬಾಗಿಲಲ್ಲಿ ಸುವರ್ಣಾಳ ಅಣ್ಣ ವೀರಭದ್ರಪ್ಪ ನಿಂತಿದ್ದ. ಮುಖ ಕೆಂಡವಾಗಿತ್ತು. "ಸ್ವಾಮಿಗಳು ಬಂದು ಕುಂತಾರ. ಹೊರೂ ಹೂವಿನ ವಿಮಾನ ಬಾಗಲಾಗ ನಿಂತೈತಿ. ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು. ನನ್ನ ತಂಗಿ ಹೊರಗ ಕುಂತಾಳ, ನೀವು ಇಲ್ಲಿ ಕಂಪ್ಯೂಟರ್ ಮುಂದ ಕುಂತೀರಿ. ನಾಕ ಮಂದಿ ಏನಂದಾರು?"

ಅಮರೇಶಪ್ಪ ಕೀಲಿಯ ಮೇಲಿನ ಕೈ ತೆಗೆಯಲಿಲ್ಲ.

"ಹೊರಗ ಕುಂತಾಕಿನೂ ಅಕಿನ, ಇಲ್ಲಿರಾಕಿನೂ ಅಕಿನರಿ ವೀರಭದ್ರಪ್ಪಾರ. ಅಲ್ಲಿರಾಕಿನ್ನ ಕಳಸಾಕ ಬರ್ತೀನಿ. ಇಬ್ಬರನ್ನೂ ಒಂದ ದಿನ ಕಳಸಂದ್ರ ನನ್ನ ಕೈಲೆ ಆಗಂಗಿಲ್ಲ."

ಅಷ್ಟರಲ್ಲಿ ಯುಪಿಎಸ್ಸಿನ ಕೂಗು ಬಿಡದೆ ಒಂದೇ ಸಮನೆ ಬರತೊಡಗಿತು. ವೀರಭದ್ರಪ್ಪ ಹೊರಗೆ ತಿರುಗಿ, "ತಡೀರಿ ಒಂದೀಟು, ಬರಾಕತ್ತಾರ," ಎಂದು ಕೂಗಿ ಹೇಳಿ ಬಾಗಿಲಲ್ಲೇ ನಿಂತ. ಬೇರೆ ಯಾರೂ ಒಳಗೆ ಬರದಂತೆ ಅವನ ಅಗಲ ಬೆನ್ನು ದಾರಿ ಮುಚ್ಚಿತು.

"ಅಂಕಲ್, ಬೇಗ. ಓರೆಗೆರೆ. ಕೊನೇದು."

ಅಮರೇಶಪ್ಪನ ಬೆರಳು ಗಾಳಿಯಲ್ಲಿ ನಿಂತಿತು. ಓರೆಗೆರೆ ಎಲ್ಲಿ? ಅದು ಯಾವ ಊರೂ ಅಲ್ಲ. ಅಮ್ಮುಗುಡ ದಾಟಿದ ಮೇಲೆ ಒಂದು ಕೀಲಿ ಇತ್ತು, ಅದಕ್ಕೆ ಹೆಸರಿಡಲು ಸುವರ್ಣಾಳಿಗೆ ಸೋಮಾರಿತನ. "ಅಲ್ಲೇ, ಗಾಡಿ ತಿರುಗೂ ಕಡೆ," ಎಂದು ಅವನ ಕಿರುಬೆರಳನ್ನು ತನ್ನ ಎಡಗೈಯಿಂದ ಹಿಡಿದು ತಳ್ಳುತ್ತಿದ್ದಳು. ಅವನು ಕಿರುಬೆರಳನ್ನು ಚಾಚಿದ. ಒತ್ತಿದ. ನಿರೀಕ್ಷಾ ತನ್ನ ಕಡೆ ಸುವರ್ಣಾ ಎಂಟರ್ ಮಾಡಿಕೊಂಡಿದ್ದ ದೊಡ್ಡ ಕೀಲಿಯನ್ನು ಹೆಬ್ಬೆರಳಿನಿಂದ ತಟ್ಟಿದಳು. ಮೇಡಮ್ ತಟ್ಟುತ್ತಿದ್ದುದನ್ನು ಅವಳು ನೋಡಿದ್ದಳಂತೆ.

ತೆರೆಯ ಮೇಲೆ ಫೈಲುಗಳ ಹೆಸರುಗಳು ಸರ್ರನೆ ಹರಿದುಹೋಗಿ ನಿಂತವು.

"ಆಯ್ತು," ಎಂದಳು ನಿರೀಕ್ಷಾ.

"ಏನು, ಇಷ್ಟನ? ಮೂವತ್ತು ವರ್ಷದ್ದು?"

"ಬರೀ ಅಕ್ಷರಗಳಲ್ವಾ ಅಂಕಲ್. ಎಲ್ಲ ಸೇರಿ ಒಂದು ಫೋಟೋದಷ್ಟೂ ಭಾರ ಇಲ್ಲ." ಅವಳು ಪೆನ್‌ಡ್ರೈವನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು. "ಇವತ್ತೇ ನನ್ನದಕ್ಕೆ ಹಾಕಿಕೊಳ್ತೇನೆ. ಕೀಲಿಗಳ ಜಾಗವೂ ಇದೇ ಇರ್ಲಿ. ಮೊದಮೊದಲು ಒಂದು ಶಬ್ದ ಸಹ ಸರಿ ಬರ್ಲಿಕ್ಕಿಲ್ಲ."

"ತಪ್ಪು ಒತ್ತಿದ್ರ ಅಕಿಗೆ ಭಾಳ ನಗಿ ಬರ್ತಿತ್ತು," ಎಂದ ಅಮರೇಶಪ್ಪ. ಅಷ್ಟು ಹೇಳಿದ ಮೇಲೆ ನಿನ್ನೆಯಿಂದ ತಡೆದಿಟ್ಟುಕೊಂಡಿದ್ದ ಅಳು ಬಂತು. ಯುಪಿಎಸ್ ಸುಮ್ಮನಾಯಿತು, ತೆರೆ ಕಪ್ಪಾಯಿತು. ಅವನು ಅದರ ಎದುರಿಗೇ ಕೂತು ನಾಚಿಕೆಯಿಲ್ಲದೆ ಅತ್ತ. ವೀರಭದ್ರಪ್ಪ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಹೊರಗೆ ಹೋಗಿ ಅಮರೇಶಪ್ಪ ಹೆಂಡತಿಯ ಹಣೆಯ ವಿಭೂತಿಯನ್ನು ಪೂರ್ತಿ ಎಳೆದ.

"ಪುಣ್ಯವಂತಿ, ಮುತ್ತೈದಿಯಾಗಿ ಹ್ವಾದ್ಲು," ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಓಣಿಯ ತಿರುವಿನವರೆಗೆ ವಿಮಾನವನ್ನು ಹೊತ್ತರು. ಅಲ್ಲಿಂದ ರುದ್ರಭೂಮಿಗೆ ವ್ಯಾನು. ಸುವರ್ಣಾ ಹೂವಿನ ನಡುವೆ ಕೂತೇ ಇದ್ದಳು. ವ್ಯಾನು ಕುಲುಕಿದಾಗ ತಲೆ ತುಸು ವಾಲುತ್ತಿತ್ತು, ಪಾರ್ವತೆಮ್ಮ ನೆಟ್ಟಗೆ ಮಾಡುತ್ತಿದ್ದಳು. ಅಮರೇಶಪ್ಪ ಎದುರಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ನಿರೀಕ್ಷಾ, ತೊಡೆಯ ಮೇಲೆ ಅವಳ ಲ್ಯಾಪ್‌ಟಾಪಿನ ಚೀಲ. ಸಂಜೆ ಬಿಸಿಲು ಹೂವಿನ ಮೇಲೆ ಬಿದ್ದು ಎಲ್ಲ ಹಳದಿಯಾಗಿತ್ತು.

ನಿರೀಕ್ಷಾಳ ಕೈಗಳು ಚೀಲದ ಮೇಲೆ ಅಲುಗುತ್ತಿದ್ದವು. ವ್ಯಾನಿನ ಕುಲುಕಾಟ ಎಂದುಕೊಂಡ ಅಮರೇಶಪ್ಪ. ನೋಡಿದರೆ ತುಟಿಗಳೂ ಅಲುಗುತ್ತಿದ್ದವು. ಎಡಗೈ ಕಾಚಿಗೂಡದಿಂದ ಹೊರಟು ಸೀತಾಫಲಮಂಡಿ ಮುಟ್ಟಿತು. ಬಲಗೈ ಮಲ್ಕಾಜ್‌ಗಿರಿಯಿಂದ ಹೊರಟು ಅಲ್ಲೇ ಪಕ್ಕದಲ್ಲಿ ನಿಂತಿತು. "ಸಫಿಲ್‌ಗುಡ," ಎಂದು ಪಿಸುಗುಟ್ಟಿದಳು.

"ಅದು ದಯಾನಂದನಗರ," ಎಂದ ಅಮರೇಶಪ್ಪ. ಅವಳ ಬೆರಳನ್ನು ಹಿಡಿದು ಚೀಲದ ಮೇಲೆ ಒಂದು ಸ್ಟೇಷನ್ ಮುಂದಕ್ಕೆ ಇಟ್ಟ. "ಹಾಂ. ಈಗ ಒತ್ತು."